ಓಡಿಸಿ ತೋರಿಸದೆ ಕೊಡದ ಯಜಮಾನರು

ಹೊಸ ಡಿಸ್ಪ್ಲೇ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದನ್ನು ಅಂಟಿಸಿರುತ್ತಾರೆ. ಹಿಡಿದು ಎಳೆಯಲು ಮೂಲೆಯಲ್ಲಿ ಉಗುರಿನಷ್ಟು ಹಸಿರು ಕಿವಿ. ಎಳೆದರೆ ಚರ್ರೆಂದು ಬಿಟ್ಟುಕೊಳ್ಳುತ್ತದೆ, ಒಂದು ಬಗೆಯ ಹೊಸ ಅಂಟಿನ ವಾಸನೆ ಬರುತ್ತದೆ. ಹೋದ ವಾರ ಅಂಜನಾಪುರದ ನನ್ನ ಶೆಡ್ಡಿನಲ್ಲಿ ಪಂಪಿನ ಪ್ಯಾನಲ್ ಜೋಡಿಸುತ್ತಾ ಅಂಥದೊಂದು ಹಾಳೆ ಎಳೆದೆ. ವಾಸನೆಯ ಹಿಂದೆಯೇ ಜಯನಗರದ ಆ ಅಂಗಡಿಯೂ ಬಂದು ನಿಂತಿತು… ಗಾಜಿನ ಕೌಂಟರು, ಅದರ ಹಿಂದೆ ಅರ್ಧ ತೋಳಿನ ಬಿಳಿ ಶರಟಿನ ಯಜಮಾನರು.

ಎಲ್ಲರೂ ಅವರನ್ನು ಯಜಮಾನರು ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ.

ನನ್ನದು ಮೂಲದಲ್ಲಿ ಮೋಟಾರು ವೈಂಡಿಂಗ್, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅದಕ್ಕಾಗಿ ನಾನು ಅತ್ತಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ ಹಿಡಿಸುವುದೂ ಇಲ್ಲ. ಸುಟ್ಟ ಪಂಪು ತಂದವರು ಓಡುವ ಪಂಪು ಒಯ್ದಿದ್ದಾರೆ, ನನಗೆ ಅಷ್ಟು ಸಾಕು. ಸುತ್ತಮುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಅವುಗಳಿಗೆ ನೀರಿನ ಪ್ಯಾನಲ್ ಮಾಡಿಕೊಡಲು ಶುರು ಮಾಡಿದೆ. ಕೆಳಗೆ ಸಂಪು, ಮೇಲೆ ಟ್ಯಾಂಕು. ಮೇಲಿನದು ತುಂಬಿದರೆ ಪಂಪು ತಾನೇ ನಿಲ್ಲಬೇಕು. ತುಂಬಿದ್ದಕ್ಕೆ ಹಸಿರು ದೀಪ, ಬರಿದಾದದ್ದಕ್ಕೆ ಕೆಂಪು ದೀಪ. ವರ್ಷಗಟ್ಟಲೆ ಹೀಗೇ ನಡೆಯಿತು. ಒಮ್ಮೆ ಬಿಳೇಕಹಳ್ಳಿಯ ಅಪಾರ್ಟ್‌ಮೆಂಟೊಂದರ ಸೆಕ್ರೆಟರಿ ಮೇಡಂ ನನ್ನ ಪ್ಯಾನಲ್ ನೋಡಿ, "ಇದೇನು, ದೀಪಾವಳಿ ಸೀರಿಯಲ್ ಸೆಟ್ ಥರ ಇದೆ. ಸ್ಕ್ರೀನ್ ಇರೋದು ಇಲ್ವಾ?" ಅಂದರು.

"ಇದೆ ಮೇಡಂ, ತಂದು ತೋರಿಸ್ತೀನಿ" ಅಂದುಬಿಟ್ಟೆ.

ಇರಲಿಲ್ಲ. ಸ್ಕ್ರೀನ್ ಎಲ್ಲಿ ಸಿಗುತ್ತದೆ ಎಂಬುದೂ ಗೊತ್ತಿರಲಿಲ್ಲ. ಕೆಪಾಸಿಟರ್ ಕೊಳ್ಳುತ್ತಿದ್ದ ಜಯನಗರದ ಪಾರ್ಟ್ಸ್ ಅಂಗಡಿಗೇ ಹೋಗಿ ಕೇಳಿದೆ.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕೌಂಟರಿನ ಮೇಲೆ ಮರದ ಹಲಗೆಗೆ ಬಿಗಿದ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಪ್ರೋಗ್ರಾಮು ತುಂಬಿ ಓಡಿಸುವಂಥದು. ಗಿರಾಕಿ ಡಿಸ್ಪ್ಲೇ, ಅಂದರೆ ಸ್ಕ್ರೀನು, ಕೇಳಿದರೆ ಯಜಮಾನರು ಡಬ್ಬದಿಂದ ಹೊಸದನ್ನು ತೆಗೆದು, ಆ ಬೋರ್ಡಿಗೆ ಚುಚ್ಚಿ, ಗಿರಾಕಿಯ ಕಡೆ ತಿರುಗಿಸಿ ಓಡಿಸುತ್ತಿದ್ದರು. ಮೊದಲು ಪರದೆ ಪೂರ್ತಿ ಕೆಂಪು, ಆಮೇಲೆ ಹಸಿರು, ಆಮೇಲೆ ನೀಲಿ. ಮೂಲೆಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಗೆರೆಗಳು. ಚೌಕಗಳು, ಬಳೆ ಸುರಿದ ಹಾಗೆ ವೃತ್ತಗಳು, ಕೊನೆಗೆ ಅಕ್ಷರ. ಅದು ಪೂರ್ತಿ ಮುಗಿಯುವವರೆಗೆ ಬಿಲ್ ಇಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಅದು ಕೊಂಡವರು ತೆಗೆಯಬೇಕಾದದ್ದು.

ಕೆಲವು ಡಿಸ್ಪ್ಲೇಗಳಲ್ಲಿ ಬಣ್ಣ ಅದಲುಬದಲಾಗಿ, ಕೆಂಪು ಬರಬೇಕಾದಲ್ಲಿ ನೀಲಿ ಬರುತ್ತಿತ್ತು. ಅಂಥವನ್ನು ಬೇರೆ ಇಡುತ್ತಿದ್ದರು. "ಪ್ರೋಗ್ರಾಮಲ್ಲಿ ಒಂದು ಕಡೆ ತಿದ್ದಿದ್ರೆ ಸರಿಹೋಗುತ್ತೆ. ಆದ್ರೆ ಹೇಳಿ ಕೊಡ್ಬೇಕು. ಹೇಳ್ದೆ ಕೊಟ್ರೆ ಅದು ವ್ಯಾಪಾರ ಅಲ್ಲ" ಅನ್ನುತ್ತಿದ್ದರು.

ನಾನು ಬೋರ್ಡು, ಡಿಸ್ಪ್ಲೇ ಎರಡನ್ನೂ ಕೊಂಡೆ. ಅವರ ಡೆಮೋ ಪ್ರೋಗ್ರಾಮು ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲಾ ಇಂಗ್ಲಿಷು. ನನಗೆ ಬರುವ ಇಂಗ್ಲಿಷು ಮೋಟಾರಿನ ತಗಡಿನ ಮೇಲಿರುವಷ್ಟೇ.

"ಓದಕ್ಕೆ ಹೋಗ್ಬೇಡಿ ಪಂಪ್ ಸಾಹುಕಾರ್ರೇ" ಅಂದರು ಯಜಮಾನರು. ಅವರು ನನ್ನನ್ನು ಹಾಗೇ ಕರೆಯುತ್ತಿದ್ದರು. "ಸುಟ್ಟ ಮೋಟಾರು ಬಂದ್ರೆ ಮೊದ್ಲು ಏನ್ ಮಾಡ್ತೀರಿ?"

"ಹಳೇ ಸುತ್ತು ಎಣಿಸ್ಕೊಂಡು ಬಿಚ್ತೀನಿ."

"ಇದೂ ಹಂಗೇ. ಒಂದು ಅಂಕಿ ಬದಲಾಯ್ಸಿ, ಓಡ್ಸಿ. ಪರದೆ ಮೇಲೆ ಏನ್ ಬದಲಾಯ್ತು ನೋಡಿ. ಆಮೇಲೆ ಇನ್ನೊಂದು."

ಹಾಗೇ ಮಾಡಿದೆ. ಒಂದು ಅಂಕಿ ಮುಟ್ಟಿದರೆ ಚೌಕ ಬಲಕ್ಕೆ ಸರಿಯಿತು. ಇನ್ನೊಂದು ಮುಟ್ಟಿದರೆ ಉದ್ದವಾಯಿತು. ಆ ಉದ್ದದ ಚೌಕವೇ ನನ್ನ ಟ್ಯಾಂಕಾಯಿತು. ಒಳಗಿನ ನೀಲಿಯನ್ನು ಏರಿಸಿ ಇಳಿಸಲು ಕಲಿಯುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ಮೇಡಂ ಮಧ್ಯೆ ಫೋನು ಮಾಡಿದಾಗೆಲ್ಲ ಬರ್ತೀನಿ, ಬರ್ತೀನಿ ಅನ್ನುತ್ತಿದ್ದೆ.

ಅಷ್ಟರಲ್ಲಿ ಯಜಮಾನರ ಕಡೆ ಒಂದು ಬದಲಾವಣೆ ಕಂಡಿತು. ಮುಂಚೆ ತಾವೇ ನೋಡಿ "ಬಣ್ಣ ಸರಿಯಿದೆ" ಅನ್ನುತ್ತಿದ್ದವರು ಈಗ ಗಿರಾಕಿಯನ್ನು ಕೇಳುತ್ತಿದ್ದರು. ಒಂದು ದಿನ ನನ್ನನ್ನೂ ಕೇಳಿದರು: "ಹೇಳಿ, ಮೊದಲನೇದು ಯಾವ ಬಣ್ಣ?"

ನನಗೆ ರೇಗಿತು. "ಏನ್ ಸಾರ್, ನನ್ನ ನೋಡಿದ್ರೆ ಬಣ್ಣ ಗೊತ್ತಿಲ್ದೋನ ಥರ ಕಾಣ್ತೀನಾ? ಸ್ಕೂಲು ಬಿಟ್ಟಿರ್ಬಹುದು, ಕಣ್ಣು ಕಳ್ಕೊಂಡಿಲ್ಲ."

ಅವರು ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ಬನ್ನಿ, ಕಾಫಿ ಕುಡಿಯೋಣ" ಎಂದು ಪಕ್ಕದ ದರ್ಶಿನಿಗೆ ಕರೆದುಕೊಂಡು ಹೋದರು. ಬೈಟು ಕಾಫಿ ಹಿಡಿದು ಮೂಲೆಯ ಕಟ್ಟೆಗೆ ಒರಗಿ ಹೇಳಿದರು. ಶುಗರ್ ಕಣ್ಣಿಗೆ ಇಳಿದಿದೆ. ಇಂಜೆಕ್ಷನ್ ಆಯಿತು, ಲೇಸರ್ ಆಯಿತು. ಬೆಳಕು ಬಂದದ್ದು, ಹೋದದ್ದು ತಿಳಿಯುತ್ತದೆ. ಬಣ್ಣ ತಿಳಿಯುವುದಿಲ್ಲ.

"ನನ್ನ ತಮ್ಮಂಗೆ ಅನುಮಾನ ಬಂದಿದೆ" ಅಂದರು. "ಮೊನ್ನೆ ಒಂದು ಪೀಸು ವಾಪಸ್ ಬಂತು, ನಡುಮಧ್ಯ ಗೆರೆ. ನಾನೂ ನೋಡ್ಲಿಲ್ಲ, ತಗೊಂಡೋನೂ ನೋಡ್ಲಿಲ್ಲ. ಏನಣ್ಣಾ ನಿನ್ನ ಕಣ್ಣು ಅಂದ. ಏನೂ ಆಗಿಲ್ಲ ಕಣೋ, ಓಡಿಸಿ ನೋಡಿ ಹೇಳಕ್ಕಾಗ್ದಿರೋ ದಿನ ಕೌಂಟರ್ ನಿಂದು ಅಂದ್ಬಿಟ್ಟೆ."

ಅಂಗಡಿ ಅಣ್ಣತಮ್ಮಂದಿರಿಬ್ಬರದು. ಒಂದು ಬದಿಗೆ ಯಜಮಾನರ ಪಾರ್ಟ್ಸು, ಇನ್ನೊಂದು ಬದಿಗೆ ತಮ್ಮನ ಮೊಬೈಲ್ ಕವರು, ಚಾರ್ಜರು. ತಮ್ಮನ ಬದಿಯಲ್ಲಿ ಯಾವಾಗಲೂ ಜನ, ಜಾಗ ಸಾಲದು. ಕೆಟ್ಟವನಲ್ಲ ಅವನು. ಅಣ್ಣನಿಗೆ ಮನೆಯಿಂದ ಊಟದ ಡಬ್ಬಿ ತರುತ್ತಿದ್ದವನೂ ಅವನೇ.

"ಮನೇಲಿ ಕೂತ್ಕೊಂಡು ನಾನೇನ್ ಮಾಡ್ಲಿ ಹೇಳಿ?" ಅಂದರು ಯಜಮಾನರು. ಲೋಟ ಇಡಲು ಕಟ್ಟೆಯ ಅಂಚನ್ನು ಕೈಯಿಂದ ತಡವಿದರು. ಮುಂಚೆಯೂ ಹಾಗೆ ತಡವುತ್ತಿದ್ದರೇನೋ… ನಾನು ಗಮನಿಸಿದ್ದು ಅವತ್ತು.

ಆಮೇಲೆ ನಾನು ಆ ಕಡೆ ಹೋದಾಗೆಲ್ಲ ಕೌಂಟರಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಬೇರೆ ಗಿರಾಕಿಗೆ ಡೆಮೋ ಓಡುವಾಗ "ಆಹಾ, ಕೆಂಪು ಸಖತ್ತಾಗಿ ಬಂತು ಸಾರ್" ಎಂದು ಹೇಳುತ್ತಿದ್ದೆ. ಕೇಳಿದವರು ನನ್ನನ್ನು ವಾಚಾಳಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಬಿಳೇಕಹಳ್ಳಿಯವರಿಗೆ ಸ್ಕ್ರೀನ್ ತೋರಿಸುವ ದಿನ ಗೊತ್ತಾಯಿತು. ಸಂಜೆ ಅವರ ಮೀಟಿಂಗು. ಮಧ್ಯಾಹ್ನವೇ ನನ್ನ ಬೋರ್ಡನ್ನು ಚೀಲದಲ್ಲಿಟ್ಟುಕೊಂಡು ಯಜಮಾನರಲ್ಲಿಗೆ ಹೋದೆ. ಕೌಂಟರಿನ ಮುಂದೆ ಒಬ್ಬ ಕಾಲೇಜು ಲೆಕ್ಚರರ್ ನಿಂತಿದ್ದರು. ಲ್ಯಾಬಿಗೆಂದು ಒಂದು ಡಬ್ಬ ಡಿಸ್ಪ್ಲೇ ಬೇಕಿತ್ತು. ತಮ್ಮ ತನ್ನ ಬದಿಯನ್ನು ಬಿಟ್ಟು ಅಣ್ಣನ ಪಕ್ಕಕ್ಕೆ ಬಂದಿದ್ದ.

ಯಜಮಾನರು ಡಬ್ಬ ಒಡೆದು ಮೊದಲನೆಯದನ್ನು ಚುಚ್ಚಿದರು. ಬೆರಳಿಗೆ ತೂತುಗಳು ಗೊತ್ತಿದ್ದವು, ಒಂದೇ ಸಲಕ್ಕೆ ಕೂತಿತು.

"ಹೇಳಿ ಸಾರ್, ಯಾವ ಬಣ್ಣ?" ಎಂದು ಲೆಕ್ಚರರನ್ನು ಕೇಳಿದರು.

"ಅವ್ರು ಯಾಕಣ್ಣ ಹೇಳ್ಬೇಕು?" ಅಂದ ತಮ್ಮ. ಜೋರು ಮಾಡಲಿಲ್ಲ. "ದೊಡ್ಡ ಆರ್ಡರು. ನೀನೇ ನೋಡಿ ಹೇಳು. ಯಾರೂ ಬಾಯಿ ಹಾಕ್ಬೇಡಿ." ಕೊನೆಯ ಮಾತು ನನ್ನ ಕಡೆಗೆ.

ಯಜಮಾನರು ಡೆಮೋ ಮತ್ತೆ ಮೊದಲಿಂದ ಓಡಿಸಿ ಪರದೆಯ ಮೇಲೆ ಬಾಗಿದರು. ಆ ಡೆಮೋ ಎಷ್ಟು ಸಲ ಓಡಿಸಿದ್ದರೋ, ಅದರ ಹೆಜ್ಜೆಹೆಜ್ಜೆಯೂ ಅವರಿಗೆ ಬಾಯಿಪಾಠ. "ಕೆಂಪು" ಅಂದರು.

ಪರದೆ ನೀಲಿಯಾಗಿತ್ತು. ಬಣ್ಣ ಅದಲುಬದಲಾದ ಡಬ್ಬ ಅದು.

ತಮ್ಮ ತಲೆ ತಗ್ಗಿಸಿಕೊಂಡ. ಸರಿಯಾಗಿ ಹೇಳಿದ್ದರೆ ಯಾರಾದರೂ ಹೂಂ ಅನ್ನುತ್ತಿದ್ದರು. ಆ ಹೂಂ ಬರದೆ ಹೋದದ್ದು ಯಜಮಾನರಿಗೆ ತಿಳಿಯಿತು. ನನ್ನ ಕಡೆ ತಿರುಗಿದರು. ನಾನು ನಿಂತ ಜಾಗ ಅವರಿಗೆ ಹೇಗೋ ಗೊತ್ತಿತ್ತು.

"ಪಂಪ್ ಸಾಹುಕಾರ್ರೇ, ನೀವು ಹೇಳಿ. ಯಾವ ಬಣ್ಣ ಬಂತು?"

ಕೆಂಪು ಅನ್ನಬಹುದಿತ್ತು. ಎದುರಿಗೆ ಇಬ್ಬರು ಕಣ್ಣಿದ್ದವರು ನಿಂತಿದ್ದರು, ಆ ಸುಳ್ಳು ಅವರ ಮುಂದೆ ನಿಲ್ಲುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಯಜಮಾನರು ಕೇಳಿದ ರೀತಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನೀಲಿ, ಸಾರ್."

"ಹೌದಾ" ಅಂದರು. ಒಂದು ಕ್ಷಣ ಪರದೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತರು. ಆಮೇಲೆ ಲೆಕ್ಚರರ್ ಕಡೆ ತಿರುಗಿ, "ಸಾರ್, ಈ ಡಬ್ಬ ಬೇಡ. ಕೆಂಪು, ನೀಲಿ ಅದಲುಬದಲಾಗಿದೆ. ಬೇರೆ ಡಬ್ಬ ನನ್ನ ತಮ್ಮ ಕೊಡ್ತಾನೆ" ಅಂದರು.

"ಪರವಾಗಿಲ್ಲ ಸಾರ್, ಕೋಡಲ್ಲಿ ಸರಿ ಮಾಡ್ಕೋತೀವಿ" ಅಂದರು ಲೆಕ್ಚರರ್.

"ಹಂಗಾದ್ರೆ ಗೊತ್ತಿದ್ದೇ ತಗೊಂಡ್ರಿ. ಆಗ್ಬಹುದು." ಸೊಂಟದ ಕೀ ಗೊಂಚಲು ಬಿಚ್ಚಿ ತಮ್ಮನ ಮುಂದೆ ಇಟ್ಟರು. "ತಗೋ."

"ಬಿಡಣ್ಣ, ಏನೋ ಒಂದು ಮಾತಿಗೆ ಅಂದಿದ್ದು ಅದು" ಅಂದ ತಮ್ಮ. ಗೊಂಚಲನ್ನು ಅಣ್ಣನ ಕಡೆಗೇ ದೂಡಿದ. "ಇವತ್ತೇ ಯಾಕೆ?"

"ಅಂದಿದ್ದು ನಾನು ಕಣೋ, ನೀನಲ್ಲ" ಅಂದರು. ಆಮೇಲೆ ನನಗೆ, "ನಿಮ್ದು ಸಂಜೆ ಅಲ್ವಾ? ನಡೀರಿ, ನಾನೂ ಬರ್ತೀನಿ. ಇನ್ನು ಇಲ್ಲಿ ನಂಗೇನ್ ಕೆಲಸ."

ನನ್ನ ಗಾಡಿಯ ಹಿಂದೆ ಕೂತು ಬಂದರು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ನನ್ನ ಹೆಗಲ ಮೇಲೆ ಅವರ ಕೈ ಗಟ್ಟಿಯಾಗಿತ್ತು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇಳಿದ ಮೇಲೆ ಒಂದೇ ಮಾತು ಹೇಳಿದರು: "ಮೊದ್ಲು ನೀವು ಬಾಯಿ ಬಿಡ್ಬೇಡಿ. ಅದು ಓಡ್ಲಿ. ಜನ ಕೇಳ್ತಾರೆ, ಆಮೇಲೆ ಹೇಳಿ."

ಮೀಟಿಂಗಿನವರು ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೋರ್ಡನ್ನು ಮೇಜಿನ ಮೇಲಿಟ್ಟು ಕರೆಂಟು ಕೊಟ್ಟೆ. ಬಣ್ಣಗಳು ಬಂದವು, ಬೀಸಣಿಗೆ ಗೆರೆ ಬಂತು, ಬಳೆಗಳು ಸುರಿದವು. ಫೋನು ನೋಡುತ್ತಿದ್ದವರು ತಲೆಯೆತ್ತಿದರು. ಅದು ಮುಗಿದ ಮೇಲೆ ನನ್ನ ಸಂಪು, ನನ್ನ ಟ್ಯಾಂಕು, ಏರುವ ನೀಲಿ ನೀರು. ಸೆಕ್ರೆಟರಿ ಮೇಡಂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದು ನೀವೇ ಮಾಡಿದ್ದಾ?" ಅಂದರು.

"ಹೌದು ಮೇಡಂ."

"ಟ್ಯಾಂಕರ್ ಬಂದಾಗ ಸಂಪಲ್ಲಿ ಎಷ್ಟು ತುಂಬ್ತು ಅಂತ ತೋರ್ಸುತ್ತಾ? ಆ ಟ್ಯಾಂಕರ್‌ನೋನು ಅರ್ಧಂಬರ್ಧ ಸುರಿದು ಹೋಗ್ತಾನೆ."

"ತೋರ್ಸುತ್ತೆ ಮೇಡಂ" ಅಂದೆ. ಈ ಸಲ ಇಲ್ಲದ್ದನ್ನು ಇದೆ ಅನ್ನಲಿಲ್ಲ. ಯಜಮಾನರು ಹಿಂದಿನ ಕುರ್ಚಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಪರದೆಯ ಕಡೆ ಅವರ ಮುಖವಿರಲಿಲ್ಲ. ಮಾತಾಡುವ ಜನರ ಕಡೆ ಇತ್ತು.

ಪ್ಯಾನಲ್ ಒಪ್ಪಿಗೆಯಾಯಿತು. ಅದರಿಂದ ಬೇರೆ ಅಪಾರ್ಟ್‌ಮೆಂಟುಗಳೂ ಸಿಕ್ಕವು. ಯಜಮಾನರ ಸಿದ್ದಾಪುರದ ಮನೆಗೆ ಆಗಾಗ ಹೋಗುತ್ತಿದ್ದೆ. ರೇಡಿಯೋ ಹಾಕಿಕೊಂಡು ಕೂತಿರುತ್ತಿದ್ದರು. ಹೊಸ ಬೋರ್ಡು ಏನು ಬಂತು, ಯಾವುದು ಬಿಸಿಯಾಗುತ್ತದೆ ಎಂದು ವಿಚಾರಿಸುತ್ತಿದ್ದರು. ಕೆಲಸ ಜಾಸ್ತಿಯಾದ ಹಾಗೆ ನಾನು ಹೋಗುವುದು ಕಡಿಮೆಯಾಯಿತು. ಕೊನೆಯ ಸಲ ಯಾವಾಗ ಹೋದೆ ಎಂದು ಈಗ ಯೋಚಿಸಿದರೆ… ನೆನಪಾಗುವುದಿಲ್ಲ.

ಸುದ್ದಿ ಬಂದಾಗ ಜೆಪಿ ನಗರದಲ್ಲಿ ಒಂದು ಕಟ್ಟಡದ ಮೇಲಿನ ಟ್ಯಾಂಕಿನ ಮುಚ್ಚಳ ತೆಗೆದು ಕೂತಿದ್ದೆ. ಫೋನು ಮಾಡಿದ್ದು ಯಜಮಾನರ ತಮ್ಮ. "ಅಣ್ಣ ಹೋಗ್ಬಿಟ್ಟ" ಅಂದ. ನೀರಿನ ಮಟ್ಟ ಹೇಳುವ ಸೆನ್ಸರ್ ಬಿಗಿದು, ಮುಚ್ಚಳ ಹಾಕಿ, ಇಳಿದು ಹೋದೆ. ಅರ್ಧಕ್ಕೆ ಬಿಟ್ಟು ಇಳಿದಿದ್ದರೆ ಆ ಮನೆಯವರಿಗೆ ಅವತ್ತು ನೀರಿರುತ್ತಿರಲಿಲ್ಲ.

ಈಗ ಸಾಮಾನೆಲ್ಲ ಆನ್‌ಲೈನಿನಲ್ಲಿ ತರಿಸುತ್ತೇನೆ. ಡಬ್ಬ ಬರುತ್ತದೆ, ಬಾಗಿಲಲ್ಲಿಟ್ಟು ಹೋಗುತ್ತಾರೆ. ಒಳ್ಳೆಯದೂ ಬರುತ್ತದೆ, ಕೆಟ್ಟದ್ದೂ ಬರುತ್ತದೆ. ಕೆಟ್ಟದ್ದು ಬಂದರೆ ಫೋನಿನಲ್ಲಿ ಒಂದು ಗುಂಡಿ ಒತ್ತಿ ವಾಪಸು ಕಳಿಸಬೇಕು. ಯಾಕೆ ಕೆಟ್ಟಿತು ಎಂದು ಹೇಳುವವರಿಲ್ಲ, ನಾನು ಹೇಳಿದರೆ ಕೇಳುವವರೂ ಇಲ್ಲ.

ಜಯನಗರದ ಕಡೆ ಕೆಲಸ ಬಿದ್ದರೆ ಅದೇ ರಸ್ತೆಯಲ್ಲಿ ಹೋಗುತ್ತೇನೆ. ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಈ ಗೋಡೆಯಿಂದ ಆ ಗೋಡೆಯವರೆಗೆ ಮೊಬೈಲ್ ಕವರು ನೇತುಹಾಕಿದ್ದಾರೆ. ತಮ್ಮ ನನ್ನನ್ನು ಕಂಡರೆ ಒಳಗಿಂದಲೇ ಕೈ ಎತ್ತಿ, "ಬಾರಣ್ಣ, ಕಾಫಿ ಕುಡ್ಕೊಂಡು ಹೋಗು" ಎಂದು ಕೂಗುತ್ತಾನೆ. ನಾನೂ ಕೈ ಎತ್ತುತ್ತೇನೆ. ಗಾಡಿ ನಿಲ್ಲಿಸುವುದಿಲ್ಲ. ಅವನ ಮೇಲೆ ಸಿಟ್ಟೇನಿಲ್ಲ. ಆ ಅಂಗಡಿಯೊಳಗೆ ನಾನು ಕೇಳಬೇಕಾದದ್ದು ಈಗ ಏನೂ ಇಲ್ಲ.