ತಣ್ಣೀರಿಗೆ ಬಿಟ್ಟ ಬಣ್ಣ

ಮಾವನ ಬಲಗೈಯ ಎರಡು ಬೆರಳು ಕಂದು ಬಣ್ಣಕ್ಕೆ ತಿರುಗಿದ್ದವು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅಮ್ಮನ ತಮ್ಮ ಅವರು, ಪಂದಲೂರಿನ ಕಡೆ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಟೀ ಮೇಕರ್. ಅರೆದ ಎಲೆಯನ್ನು ಚಿವುಟಿ, ಮೂಸಿ, ಹದ ಬಂತೋ ಇಲ್ಲವೋ ಹೇಳುವುದು ಅವರ ಕೆಲಸ. ಅದಕ್ಕೆ ಅವರು ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ.

ಏಳನೇ ಕ್ಲಾಸಿನಲ್ಲಿ, ಎಲೆ ಬಾಡುವುದು ರಾಸಾಯನಿಕ ಬದಲಾವಣೆ ಎಂದು ಬರೆದು ಬೈಸಿಕೊಂಡು ಬಂದಿದ್ದೆ. ಮಾವ ನನ್ನನ್ನು ಫ್ಯಾಕ್ಟರಿಗೇ ಎಳೆದೊಯ್ದರು. ಬಾಡಿದ ಎಲೆಯನ್ನು ಕೈಗಿಟ್ಟು, "ನೀರು ಹೋಗಿದೆ ಕೂಸೆ, ಅಷ್ಟೇ. ಎಲೆ ಎಲೆಯೇ," ಎಂದರು. ಅರೆದು ಹರಡಿದ್ದು ಮಾತ್ರ ಕಣ್ಣೆದುರೇ ಕೆಂಪಾಗುತ್ತಿತ್ತು. "ಇದು ಇನ್ನು ಹಸಿರಾಗೋದು ಇಲ್ಲೆ. ಒಳಗೇ ಬೇರೆ ಆಯ್ತು." ಕೊನೆಗೆ ಒಂದು ಚಿಟಿಕೆ ಪುಡಿಯನ್ನು ನೀರಿಗೆ ಹಾಕಿ ತೋರಿಸಿದರು: "ತಣ್ಣೀರಿಗೆ ತಟ್ಟನೆ ಬಣ್ಣ ಬಿಟ್ಟರೆ ಅದು ಎಲೆಯ ಬಣ್ಣ ಅಲ್ಲ. ಯಾವನೋ ಕಳ್ಳ ಹಚ್ಚಿದ್ದು."

ಆ ಮಾತುಗಳ ಬಲದಿಂದಲೇ ನಾನು ವಿಜ್ಞಾನದ ಟೀಚರ್ ಆದೆ. ಹೋದ ವರ್ಷ ಗೂಡಲೂರಿನ ನಮ್ಮ ಶಾಲೆಯಲ್ಲಿ ಅದೇ ಪ್ರಯೋಗಕ್ಕೆ ಎರಡು ಲೋಟ ಇಟ್ಟೆ. ಕಲಬೆರಕೆ ತೋರಿಸಲು ಸಂತೆಯ ಅಗ್ಗದ ಪುಡಿ, ಅಪ್ಪಟ ತೋರಿಸಲು ಮಾವ ತಿಂಗಳು ತಿಂಗಳು ಅಮ್ಮನಿಗೆ ಕಳಿಸುತ್ತಿದ್ದ ಪುಡಿ. ಸಂತೆಯದು ತೆಪ್ಪಗೆ ಮುಳುಗಿತು. ಮಾವನದು ಲೋಟದ ತುಂಬ ಕಿತ್ತಳೆ ಗೆರೆ ಎಳೆಯಿತು.

"ಲೋಟ ಅದಲುಬದಲಾಯ್ತು ಟೀಚರ್!" ಎಂದು ಮಕ್ಕಳು ನಕ್ಕರು. ಲೋಟ ಅದಲುಬದಲಾಗಿರಲಿಲ್ಲ. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಅಂದೇ ಬಸ್ಸು ಹತ್ತಿ ಹೋಗಿ ಕೇಳಿದೆ. ಮಾವ ತಲೆ ತಗ್ಗಿಸಿದರು. "ಹಳೇ ಡಸ್ಟು ಪುಡಿ ಕೂಸೆ. ಬಣ್ಣ ಹಚ್ಚದಿದ್ದರೆ ಯಾವ ವ್ಯಾಪಾರಿ ಎತ್ತಾನು?"

"ಅಮ್ಮನಿಗೂ ಅದನ್ನೇ ಕೊಡೋದಾ ಮಾವ?"

"ನನ್ನ ಮನೆಯಲ್ಲೂ ಅದನ್ನೇ ಕುಡಿಯೋದು."

ಅಷ್ಟಕ್ಕೇ ನಾನು ಕರಗಿದೆ. ಮೋಸವೇ ಸರಿ, ಆದರೆ ತಾವೂ ಅದನ್ನೇ ಕುಡಿಯುತ್ತಾರಲ್ಲ. ನಮ್ಮ ನಡುವಿನ ನಂಟು ಬಾಡಿದೆ ಅಷ್ಟೇ, ನೀರು ಚಿಮುಕಿಸಿದರೆ ಸರಿಹೋದೀತು ಎಂದುಕೊಂಡೆ. ಅಮ್ಮನಿಗೆ ಏನೂ ಹೇಳಲಿಲ್ಲ.

ಈ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಬಂದವರಿಗೆ ಟೀ ಕಾಯಿಸಲು ನಿಂತಾಗ ಅತ್ತೆ ಅಳುತ್ತಲೇ ಮೇಲಿನ ಹಲಗೆಯ ಡಬ್ಬಿ ತೋರಿಸಿದರು. "ಅದರಿಂದ ಹಾಕು ಕೂಸೆ. ನಮ್ಮ ಮನೆಗೇ ಅಂತ ಅವರು ಬೇರೆ ತಂದಿಡೋದು."

ಒಂದು ಚಿಟಿಕೆ ತಣ್ಣೀರಿಗೆ ಹಾಕಿದೆ. ಪುಡಿ ತಳಕ್ಕಿಳಿಯಿತು. ನೀರು ತಿಳಿಯಾಗಿಯೇ ಇತ್ತು. ಮಾವ ಬದುಕಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಈ ಸುಳ್ಳನ್ನು ಪತ್ತೆಹಚ್ಚಲು ಕಲಿಸಿದವರೂ ಅವರೇ.

ಅಮ್ಮನಿಗೂ ಒಂದು ಲೋಟ ಕೊಟ್ಟೆ. ಒಂದು ಗುಟುಕು ಕುಡಿದು, ಕಣ್ಣೊರೆಸಿಕೊಂಡು, "ಇದು ನನ್ನ ತಮ್ಮನ ಪುಡಿ ಅಲ್ಲ," ಎಂದಳು.