ಏಳನೇ ನಂಬರಿನವಳನ್ನು ನೋಡಲು ಸ್ಕಾರ್‌ಬರೋಗೆ

ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಡುವುದೆಂದು ಮಾತಾಗಿತ್ತು. ಒಂಬತ್ತೂವರೆಗೇ ತಮ್ಮ ಸದಾನಂದ ಕಾರಿನಲ್ಲಿ ಕುಳಿತು ಹಾರ್ನ್ ಹೊಡೆಯತೊಡಗಿದ. ಮೆಡೋವೇಲ್‌ನ ಅವನ ಬೀದಿಯಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ಎದುರುಮನೆಯ ಹೆಂಗಸು ಪರದೆ ಸರಿಸಿ ನೋಡಿದಳು. ಅವನ ಹೆಂಡತಿ ವಿನೋದ ಮೈಸೂರಿನವಳು, ಮರ್ಯಾದೆಗೆ ಅಂಜುವವಳು. ಚಪ್ಪಲಿಯ ಬಕಲ್ ಕೂಡ ಹಾಕದೆ ಓಡಿದಳು. ನಾನು ಪುತ್ತೂರಿನ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಹಾರ್ನಿಗೆಲ್ಲ ಓಡುವ ಅಭ್ಯಾಸವಿಲ್ಲ. ನಿಧಾನವಾಗಿಯೇ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ.

ವಾರದ ದಿನಗಳಲ್ಲಾದರೆ ಮೆಡೋವೇಲ್‌ನಿಂದ ಪಟ್ಟಣಕ್ಕೆ ರೈಲಿದೆ. ಶನಿವಾರ ಹಳಿಗಳು ಖಾಲಿ. ಸ್ಕಾರ್‌ಬರೋದ ಮೈದಾನಕ್ಕೆ ಸುಮಾರು ಅರವತ್ತು ಕಿಲೋಮೀಟರ್, ಅಷ್ಟೂ ದೂರ ಹೆದ್ದಾರಿಯಲ್ಲಿ. ಜೂನ್ ತಿಂಗಳಾದರೂ ಚಳಿಗಾಳಿ ಬೀಸುತ್ತಿತ್ತು. ಬೇಸಿಗೆ ಬಂತೆಂದು ಇಲ್ಲಿಯವರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದರು, ನಾನು ಶಾಲಿನ ಮೇಲೆ ತಮ್ಮನ ಜಾಕೆಟ್ ಹಾಕಿಕೊಂಡಿದ್ದೆ. ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ, ನಾನು ಕೆನಡಾಕ್ಕೆ ಬಂದದ್ದು ಅದೇ ಮೊದಲು.

ನಾವು ಹೊರಟದ್ದು ಸದಾನಂದನ ಮಗಳು ದೀಪ್ತಿಯ ಆಟ ನೋಡಲು. ಅವಳು ಕೆನಡಾದ ಹೆಂಗಸರ ರಗ್ಬಿ ತಂಡದಲ್ಲಿದ್ದಳು. ಅಂದು ಅಮೆರಿಕದ ವಿರುದ್ಧ ಟೆಸ್ಟ್ ಪಂದ್ಯ. ಟೆಸ್ಟ್ ಎಂದರೆ ಐದು ದಿನ ಎಂದು ತಿಳಿದು ಎರಡು ಜೊತೆ ಬಟ್ಟೆ ಕಟ್ಟಿಕೊಂಡಿದ್ದೆ. ಎರಡು ದೇಶಗಳ ನಡುವಿನ ಆಟಕ್ಕೆ ರಗ್ಬಿಯಲ್ಲಿ ಹಾಗೆನ್ನುತ್ತಾರಂತೆ, ಎಂಬತ್ತು ನಿಮಿಷದಲ್ಲಿ ಮುಗಿಯುತ್ತದಂತೆ. ವಿನೋದ ನಕ್ಕು ನನ್ನ ಚೀಲವನ್ನು ಮನೆಯಲ್ಲೇ ಇಡಿಸಿದ್ದಳು.

ದಾರಿಯಲ್ಲಿ ಎಟೋಬಿಕೋದಲ್ಲಿ ಗ್ಯಾಸ್ ಹಾಕಿಸಲು ನಿಂತೆವು. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಎನ್ನುತ್ತಾರೆ. ಪಕ್ಕದ ಅಂಗಡಿಯ ಕಾಫಿ ಒಂದು ಡಾಲರಿಗೆ ಚೊಂಬಿನಷ್ಟು ಸಿಕ್ಕಿತು. ಬಿಸಿನೀರಿಗೆ ಯಾರೋ ಕಾಫಿಯ ಸುದ್ದಿ ಹೇಳಿದಂತಿತ್ತು. ಸದಾನಂದ ಕುಡಿಯಲೂ ಇಲ್ಲ.

"ಎಂತ ಆಯ್ತು ನಿನಗೆ?" ಎಂದು ಕೇಳಿದೆ.

"ಇವತ್ತು ಸಂಜೆ ಯುರೋಪಿಗೆ ಆಡ್ಲಿಕ್ಕೆ ಹೋಗುವವರನ್ನು ಆರಿಸ್ಲಿಕ್ಕುಂಟು ಅಕ್ಕ. ದೀಪ್ತಿ ಆಡುವ ಏಳನೇ ನಂಬರಿಗೆ ಒಂದೇ ಜಾಗ ಇರುವುದು. ಇವಳು, ಇಲ್ಲದಿದ್ರೆ ಪಶ್ಚಿಮದ ಕಡೆಯ ಒಬ್ಬಳು ಹುಡುಗಿ."

"ಹೋದ ವರ್ಷ ಭುಜದ ಆಪರೇಷನ್ ಆದಾಗ ಆಟ ಬಿಡು ಅಂದ್ವಿ ಅತ್ತಿಗೆ," ಎಂದಳು ವಿನೋದ. "ಕೇಳ್ಲಿಲ್ಲ. ಎಂಟು ತಿಂಗಳು ಬೇಸ್‌ಮೆಂಟಲ್ಲಿ ಒಬ್ಳೇ ಎಕ್ಸರ್‌ಸೈಜ್ ಮಾಡ್ತಿದ್ಲು. ಈ ಸಲ ಸೆಲೆಕ್ಟ್ ಆಗ್ದಿದ್ರೆ ಬಿಟ್ಬಿಡ್ತೀನಿ ಅಂದಿದಾಳೆ."

"ಬಿಟ್ಟರೆ ನಿಮಗೆ ಒಳ್ಳೆಯದೇ ಆಯಿತಲ್ಲ?" ಎಂದೆ. ಸದಾನಂದ ಕಾಫಿಯ ಲೋಟವನ್ನು ಕಸದ ಡಬ್ಬಿಗೆ ಹಾಕಿದ, ವಿನೋದ ಕಾರಿನ ಬಾಗಿಲು ತೆರೆದಳು. ಗಂಡಹೆಂಡಿರು ಒಂದೇ ಮಾತಿಗೆ ಒಟ್ಟಿಗೆ ಬೆನ್ನು ತಿರುಗಿಸಿದ್ದನ್ನು ನಾನು ಅಂದೇ ನೋಡಿದ್ದು.

ಟಿಕೆಟ್ ತಲೆಗೆ ಹತ್ತು ಡಾಲರ್. ಮೈದಾನವೆಂದರೆ ಒಂದು ಕ್ಲಬ್ಬಿನ ಹುಲ್ಲುಗಾವಲು, ಒಂದು ಬದಿಗೆ ಮರದ ಬೆಂಚುಗಳು, ಇನ್ನೊಂದು ಬದಿಗೆ ತಗಡಿನ ಮಾಡಿನ ಕ್ಲಬ್ ಮನೆ. ಚೆಂಡನ್ನು ಹಿಂದಕ್ಕೆ ಎಸೆಯುತ್ತ ಮುಂದಕ್ಕೆ ಓಡುವ ಆಟವಿದು. ಅದರ ತರ್ಕ ನನಗೆ ಕೊನೆಯವರೆಗೂ ಹತ್ತಲಿಲ್ಲ. ಹಿಡಿದು ಬೀಳಿಸುವುದು ಮಾತ್ರ ಚೆನ್ನಾಗಿ ಅರ್ಥವಾಯಿತು. ಗದ್ದೆಯಲ್ಲಿ ಕಬಡ್ಡಿ ನೋಡಿ ಬೆಳೆದವಳು ನಾನು. ಏಳನೇ ನಂಬರಿನವಳ ಕೆಲಸವೇ ಅದು. ದೀಪ್ತಿ ತನಗಿಂತ ಗೇಣುದ್ದ ಎತ್ತರದ ಹುಡುಗಿಯರ ಕಾಲಿಗೆ ಬಿದ್ದು ಅವರನ್ನು ಬುಡ ಕಡಿದ ಬಾಳೆಯ ಹಾಗೆ ಉರುಳಿಸುತ್ತಿದ್ದಳು. ಪ್ರತಿ ಸಲ ಅವಳು ನೆಲಕ್ಕೆ ಬಿದ್ದಾಗ ವಿನೋದ ನನ್ನ ಮೊಣಕೈ ಹಿಡಿಯುವಳು, ಎದ್ದಾಗ ಬಿಡುವಳು. ಕೊನೆಯ ಗಳಿಗೆಯಲ್ಲಿ, ದಾಟಿದರೆ ಅಂಕ ಸಿಗುವ ಗೆರೆಯ ಹತ್ತಿರ ಓಡಿಬಂದ ಅಮೆರಿಕದವಳನ್ನು ದೀಪ್ತಿಯೇ ಕೆಡವಿದಳು. ಕೆನಡಾ ಎರಡು ಅಂಕಗಳಿಂದ ಗೆದ್ದಿತು. ಅವಳು ಎದ್ದು ನಿಂತು ಎರಡೂ ಕೈ ಮೇಲೆತ್ತಿದ ಮೇಲೆಯೇ ನಾನು ಸರಿಯಾಗಿ ಉಸಿರು ಬಿಟ್ಟೆ.

ಆಟವಾದ ಮೇಲೆ ಎರಡೂ ತಂಡಗಳಿಗೆ ಊಟ ಹಾಕುವುದು ಈ ಆಟದವರ ಪದ್ಧತಿ. ಅರ್ಧ ಗಂಟೆ ಮೊದಲು ಒಬ್ಬರ ಕುತ್ತಿಗೆಗೆ ಒಬ್ಬರು ಬಿದ್ದವರು ಒಂದೇ ಮೇಜಿನಲ್ಲಿ ತಿನ್ನುತ್ತಾರೆ. ಬಂದ ಜನರಿಗೂ ಅಲ್ಲೇ ಜಾಗ. ಆಟಗಾರ್ತಿಯರು ಸ್ನಾನ ಮುಗಿಸಿ ಬರುವವರೆಗೆ ನಾವು ಒಂದು ಉದ್ದ ಮೇಜಿನಲ್ಲಿ ಕುಳಿತೆವು. ನಮಗೆ ಸಿಕ್ಕಿದ್ದು ಬೆಂದ ಆಲೂಗಡ್ಡೆ, ಎಲೆಕೋಸು, ಬ್ರೆಡ್ಡು.

ಮೇಜಿನಲ್ಲಿ ಇನ್ನೂ ಮೂವರು ಇದ್ದರು. ಕೆಂಪು ಮಫ್ಲರಿನ ದಪ್ಪ ಹೆಂಗಸು, ಹಿಂದೆ ತಾನೂ ಆಡಿದವಳಂತೆ. ಪಶ್ಚಿಮದ ಕಡೆಯಿಂದ ವಿಮಾನದಲ್ಲಿ ಬಂದಿದ್ದ ಒಬ್ಬ ಗಡ್ಡದವನು. ಮತ್ತೊಬ್ಬ ಉಣ್ಣೆಯ ಟೋಪಿಯ ಮುದುಕ, ಮಾತಿಲ್ಲದೆ ಆಲೂಗಡ್ಡೆ ತಿನ್ನುತ್ತಿದ್ದ. ಗೆದ್ದವರ ಮೇಜು ಎಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ, ಅಷ್ಟು ಬೈಗುಳ. ಚೆಂಡು ಒದೆಯುವವಳನ್ನು ಅರ್ಧದಲ್ಲೇ ಬದಲಿಸಬೇಕಿತ್ತು ಎಂದ ಗಡ್ಡದವನು. ಬದಲಿಸಿದ್ದರೆ ಸೋಲುತ್ತಿದ್ದೆವು ಎಂದಳು ಮಫ್ಲರಿನವಳು. ನಮ್ಮೂರಿನಲ್ಲಿ ಕ್ರಿಕೆಟ್ ಮುಗಿದ ಮೇಲೆ ಹೋಟೆಲಿನಲ್ಲಿ ನಡೆಯುವ ಪಂಚಾಯಿತಿಗೂ ಇದಕ್ಕೂ ಭಾಷೆಯೊಂದೇ ವ್ಯತ್ಯಾಸ.

"ಆ ಏಳನೇ ನಂಬರಿನವಳು ಇರದಿದ್ದರೆ ಇವತ್ತು ಕಥೆ ಮುಗಿದಿತ್ತು," ಎಂದಳು ಮಫ್ಲರಿನವಳು.

"ಅವಳು ತೀರ ಚಿಕ್ಕವಳು. ನಮ್ಮ ಕಡೆಯ ಹುಡುಗಿ ಬಲಶಾಲಿ. ಯುರೋಪಿಗೆ ಅವಳೇ ಸರಿ," ಎಂದ ಗಡ್ಡದವನು.

ಮುದುಕ ತಲೆಯೆತ್ತಿ ಸದಾನಂದನನ್ನು ಕೇಳಿದ: "ನಿಮಗೇನನ್ನಿಸುತ್ತದೆ?"

"ಅವಳು ನನ್ನ ಮಗಳು," ಎಂದ ಸದಾನಂದ. ಮಫ್ಲರಿನವಳು ಎದ್ದು ಬಂದು ಅವನ ಕೈ ಕುಲುಕಿದಳು. ಎಂಥ ಮಗಳನ್ನು ಹೆತ್ತಿದ್ದೀರಿ ಎಂದು ಹೊಗಳಿದಳು. ಅಲ್ಲಿಗೆ ಕೆಟ್ಟಿತು. ನಮ್ಮ ಕಡೆ ಪರರು ಮಕ್ಕಳನ್ನು ಹೊಗಳಿದರೆ ಹೆತ್ತವರು ಹೌದೆನ್ನಬಾರದು. ಹೌದೆಂದರೆ ದೃಷ್ಟಿ ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ನಗುತ್ತಾರೆ.

"ಹಾಗೇನಿಲ್ಲ, ಇವತ್ತು ಏನೋ ಅದೃಷ್ಟ," ಎಂದ ನನ್ನ ತಮ್ಮ ಇಂಗ್ಲಿಷಿನಲ್ಲಿ. "ಭುಜ ಇನ್ನೂ ಅಷ್ಟಕ್ಕಷ್ಟೆ. ಆ ಇನ್ನೊಬ್ಬ ಹುಡುಗಿಯೇ ಮೇಲು."

"ಮನೆಯಲ್ಲಿ ಬಲು ಸೋಮಾರಿ," ಎಂದು ವಿನೋದ ಕೂಡಿಸಿದಳು. ನಾನಾದರೂ ಸುಮ್ಮನಿರಬಹುದಿತ್ತು. ಜಿರಲೆ ಕಂಡರೆ ಕುರ್ಚಿ ಹತ್ತುತ್ತಾಳೆ ಎಂದು ನನ್ನ ಶಾಲೆಯ ಇಂಗ್ಲಿಷಿನಲ್ಲಿ ವಿವರಿಸಿದೆ.

ಮುದುಕ ಗಂಭೀರವಾಗಿ ಎಲ್ಲವನ್ನೂ ಕೇಳಿದ. ಭುಜ ನೋಯುವುದು ಯಾವಾಗ ಎಂದು ವಿಚಾರಿಸಿದ. ಚಳಿಯಿದ್ದಾಗ ಎಂದ ಸದಾನಂದ. ಮುದುಕ ತಟ್ಟೆ ಎತ್ತಿಕೊಂಡು, ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ತಂದೆ ಅಪರೂಪ ಎಂದು ಹೇಳಿ ಒಳಗಿನ ಕೋಣೆಗೆ ಹೋದ.

"ಅವರು ಯಾರೆಂದು ಗೊತ್ತೇ?" ಎಂದಳು ಮಫ್ಲರಿನವಳು. ಅವಳ ಮುಖದ ನಗು ಇಳಿದಿತ್ತು. "ತಂಡ ಆರಿಸುವ ಮೂವರಲ್ಲಿ ಒಬ್ಬರು."

ಸದಾನಂದನ ಕೈಯಲ್ಲಿದ್ದ ಬ್ರೆಡ್ಡು ಕೈಯಲ್ಲೇ ಉಳಿಯಿತು. "ಏನ್ರೀ ಮಾಡಿಬಿಟ್ರಿ," ಎಂದಳು ವಿನೋದ, ತಾನೂ ಮಾಡಿದವಳೆಂಬುದನ್ನು ಮರೆತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದ್ದೇನೋ. ಸದಾನಂದ ಎದ್ದು ಒಳಗಿನ ಕೋಣೆಯ ಬಾಗಿಲಿಗೆ ಹೋದ. ಮುದುಕ ಹೊರಗೆ ಬಂದಾಗ ಅಡ್ಡ ನಿಂತು, "ಸರ್, ನನ್ನ ಮಗಳು ತುಂಬಾ ಚೆನ್ನಾಗಿ ಆಡುತ್ತಾಳೆ," ಎಂದ. ಅಭ್ಯಾಸವಿಲ್ಲದ ಮಾತು, ಸಾಲ ಕೇಳಿದಂತೆ ಕೇಳಿಸಿತು. ಮುದುಕ ಅವನ ಬೆನ್ನು ತಟ್ಟಿ, ಆಟಗಾರ್ತಿಯರು ಬಟ್ಟೆ ಬದಲಿಸುವ ಕೋಣೆಯ ಕಡೆ ನಡೆದ.

ಆಮೇಲಿನ ಕಾಯುವಿಕೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಆ ಗಡ್ಡದವನೂ ನಮ್ಮನ್ನು ನೋಡಿ ಮರುಗಿದ್ದ. ಮೂರು ಲೋಟ ಚಹಾ ತಂದು ನಮ್ಮ ಮುಂದಿಟ್ಟ. ಎಂಟು ತಿಂಗಳು ಬೇಸ್‌ಮೆಂಟಿನಲ್ಲಿ ಒಬ್ಬಳೇ ಕಷ್ಟಪಟ್ಟ ಹುಡುಗಿಯ ಜಾಗವನ್ನು ಒಂದು ತಟ್ಟೆ ಆಲೂಗಡ್ಡೆಯ ಮುಂದೆ ನಾವು ಮೂವರು ಸೇರಿ ಕಳೆದೆವಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ದೀಪ್ತಿ ಒದ್ದೆ ಕೂದಲಿನಲ್ಲಿ ಬಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಯಾವಾಗಲೂ ಇಂಗ್ಲಿಷಿನಲ್ಲಿ. ಅಪ್ಪನ ಎದುರು ನಿಂತು, ನನ್ನ ಬಗ್ಗೆ ತಂಡ ಆರಿಸುವವರಿಗೆ ಏನು ಹೇಳಿದಿರಿ ಎಂದು ಕೇಳಿದಳು.

"ನಾನು ಬೇಕಂತ ಹೇಳಿದ್ದಲ್ಲ ಮಾರಾಯ್ತಿ," ಎಂದ ಸದಾನಂದ.

"ಅವರು ನನ್ನನ್ನು ಕರೆದು ಭುಜದ ಬಗ್ಗೆ ಕೇಳಿದರು," ಎಂದಳು ದೀಪ್ತಿ. "ನಾನು ಹೇಳಿದೆ, ನಾನು ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಯಾರೆದುರೂ ಹೊಗಳಿಲ್ಲ. ಅವರು ಹೊಗಳಿದರೆ ಆಗ ನೀವು ಡಾಕ್ಟರನ್ನು ಕರೆಯಿರಿ. ನಾನು ಕ್ಲಾಸಿಗೇ ಮೊದಲು ಬಂದಾಗಲೂ ಟೀಚರಿಗೆ ಏನೋ ಅದೃಷ್ಟ ಎಂದೇ ಹೇಳಿದ್ದರು. ಅದನ್ನು ಕೇಳಿ ಆ ಮುದುಕರಿಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಭುಜ ಒತ್ತಿಸಿ ನೋಡಿದರು, ಮೂರು ಸಲ." ಆಮೇಲೆ ನನ್ನ ಕಡೆ ತಿರುಗಿ, "ಐಯಾಮ್ ಗೋಯಿಂಗ್ ಟು ಯುರೋಪ್, ಅತ್ತೆ," ಎಂದಳು.

ವಿನೋದ ಅತ್ತಳು. ಮಫ್ಲರಿನವಳು ಅವಳಿಗಿಂತ ಜೋರಾಗಿ ಅತ್ತಳು. ಗಡ್ಡದವನು ದೀಪ್ತಿಯ ಕೈ ಕುಲುಕಿ, ಆದರೂ ನಮ್ಮ ಹುಡುಗಿಯೇ ಬಲಶಾಲಿ ಎಂದು ಹೇಳಿ ತನ್ನ ಮಾತನ್ನು ಉಳಿಸಿಕೊಂಡ. ನನಗೆ ಒಮ್ಮೆಲೇ ವಿಪರೀತ ಹಸಿವಾಯಿತು. ಮುಟ್ಟದೆ ಬಿಟ್ಟಿದ್ದ ಎಲೆಕೋಸು ಆರಿಹೋಗಿತ್ತು.

ಆದ್ದರಿಂದ ದೀಪ್ತಿಯನ್ನೂ ಕರೆದುಕೊಂಡು ಹಿಂದಿರುಗುವಾಗ ಸ್ಕಾರ್‌ಬರೋದಲ್ಲೇ, ಸಾಲು ಅಂಗಡಿಗಳ ನಡುವೆ ಒಬ್ಬ ಜಾಫ್ನಾ ತಮಿಳನ ಹೋಟೆಲಿನಲ್ಲಿ ನಿಂತೆವು. ದೋಸೆ ಎರಡೂವರೆ ಡಾಲರ್. ಸಾಂಬಾರು ಖಾರ, ಚಟ್ನಿ ಅದಕ್ಕಿಂತ ಖಾರ. ಬಂದ ಎರಡು ವಾರದಲ್ಲಿ ನಾನು ಉಂಡ ಒಳ್ಳೆಯ ಊಟ ಅದು. ಹೊರಗೆ ಇನ್ನೂ ಬಿಸಿಲಿತ್ತು. ಬಡಿಸಲು ಬಂದ ಮಾಲೀಕ ದೀಪ್ತಿಯ ಮೊಣಕೈಯ ತರಚು ಗಾಯ ನೋಡಿ, ಹುಡುಗಿಗೆ ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅವಳು ಕೆನಡಾಕ್ಕೆ ರಗ್ಬಿ ಆಡುತ್ತಾಳೆ," ಎಂದ ಸದಾನಂದ, ಅದೇ ಇಂಗ್ಲಿಷಿನಲ್ಲಿ. ಒಂದು ಕ್ಷಣ ನಿಲ್ಲಿಸಿದ. "ಇವತ್ತು ತುಂಬಾ ಚೆನ್ನಾಗಿ ಆಡಿದಳು."

ಮಾಲೀಕ ಭೇಷ್ ಎನ್ನುವಂತೆ ತಲೆಯಾಡಿಸಿ ಇನ್ನಷ್ಟು ಚಟ್ನಿ ತರಲು ಹೋದ. ದೀಪ್ತಿ ದೋಸೆ ಮುರಿಯುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು.

"ಅಪ್ಪ," ಎಂದಳು, "ಅದನ್ನ ಕನ್ನಡದಲ್ಲಿ ಹೇಳಿ."

ನಾನು ಬಂದ ಮೇಲೆ ಅವಳ ಬಾಯಿಂದ ಒಂದು ಪೂರ್ತಿ ಕನ್ನಡದ ಮಾತು ಕೇಳಿದ್ದು ಅದೇ ಮೊದಲು. ಸದಾನಂದ ನೀರು ಕುಡಿದ. ಗೋಡೆಯ ಕ್ಯಾಲೆಂಡರ್ ನೋಡಿದ. ನನ್ನನ್ನು ನೋಡಿದ, ನಾನು ಸಹಾಯ ಮಾಡಲಿಲ್ಲ.

"ನೀನು ಇವತ್ತು ಒಳ್ಳೆ ಆಡಿದ್ದಿ ಮಗಳೇ," ಎಂದ.