ತೆಂಬಕಾಜಿ ಮತ್ತೆ ಹಾಡು ಎತ್ತಿದ್ದು

ಲಂಗಾ ಎಂಬ ಊರಿನ ಚರ್ಚಿನಲ್ಲಿ ಇಪ್ಪತ್ತಾರು ವರ್ಷ ಹಾಡು ಎತ್ತಿದವಳು ತೆಂಬಕಾಜಿ. ಅಲ್ಲಿ ಯಾರೂ ಶ್ರುತಿ ಕೊಡುವುದಿಲ್ಲ. ಒಬ್ಬಳು ಕೂತಲ್ಲಿಂದಲೇ ಎತ್ತುತ್ತಾಳೆ, ಉಳಿದವರು ತಂತಮ್ಮ ದನಿಗೆ ಜಾಗ ಹುಡುಕಿಕೊಂಡು ಸೇರುತ್ತಾರೆ. ಬೋಧಕ ಮಾತು ಮುಗಿಸಲಾಗದೆ ಸುತ್ತಿದಲ್ಲೇ ಸುತ್ತುತ್ತಿದ್ದರೂ ಹೀಗೇ ಹಾಡು ಎತ್ತುತ್ತಾರೆ, ಅವನು ಕೂರುತ್ತಾನೆ. ಅದು ಅವಮಾನವಲ್ಲ, ಕೈಹಿಡಿದು ದಡ ಸೇರಿಸಿದಂತೆ.

ಹೋದ ವರ್ಷ ಅವಳ ಗಂಟಲಿನ ಗಡ್ಡೆ ತೆಗೆದರು. ಈಸ್ಟರ್ ದಿನ ಹಾಡು ಎತ್ತಿದಳು. ಮೇಲಿನ ಸ್ವರಕ್ಕೆ ಏರುತ್ತಲೇ ದನಿ ಒಡೆಯಿತು. ಇಡೀ ಚರ್ಚು ನಡುದಾರಿಯಲ್ಲಿ ನಿಂತುಬಿಟ್ಟಿತು. ಹಿಂದಿನ ಬೆಂಚಿನ ಇನ್ನೊಬ್ಬಳು ಅದನ್ನು ಎತ್ತಿಕೊಂಡು ಮುಗಿಸಿದಳು. ಅವತ್ತಿನಿಂದ ತೆಂಬಕಾಜಿ ಹಾಡಲಿಲ್ಲ. ತಾಳ ಬಡಿಯುವ ತೊಗಲಿನ ದಿಂಬನ್ನೂ ಪೆಟ್ಟಿಗೆಯ ತಳಕ್ಕೆ ಹಾಕಿದಳು.

ಒಂದು ಶನಿವಾರ ಮಧ್ಯಾಹ್ನ ಊರಿನ ಸಭಾಂಗಣದಲ್ಲಿ ಜಾಝ್ ಇತ್ತು. ಪಕ್ಕದ ಅಡುಗೆಕೋಣೆಯಲ್ಲಿ ಅವಳೂ ಗೆಳತಿ ಪುಮ್ಲಾಳೂ ಅಮಗ್ವಿನ್ಯ ಎಂಬ ಹಿಟ್ಟಿನ ಉಂಡೆ ಕರಿಯುತ್ತಿದ್ದರು. ಪಿಯಾನೊದವನು ಅವರ ಬೀದಿಯವನೇ, ಸಿಂಡಿಲೆ. ಟ್ರಂಪೆಟ್ಟಿನವನು ನಾರ್ವೆಯವನು, ಡ್ರಮ್ಮಿನವನು ಬ್ರೆಜಿಲ್‌ನವನು. ಆಳೆತ್ತರದ ಬಾಸ್ ಹಿಡಿದವಳು ಜಪಾನಿನವಳು.

"ಬೆಳಿಗ್ಗೆ ಬಂದಿಳಿದವರು. ಒಟ್ಟಿಗೆ ಏನೂ ಕಲ್ತು ಬಂದಿಲ್ವಂತೆ ಕಣೇ," ಎಂದಳು ಪುಮ್ಲಾ. "ಒಬ್ಬರ ಮಾತು ಒಬ್ಬರಿಗೆ ಬರಲ್ಲ. ಉಪ್ಪು ಬೇಕಂದ್ರೂ ಕೈಸನ್ನೆ."

"ಮತ್ತೆ ಹೆಂಗೆ ನುಡಿಸ್ತಾರೆ?"

"ನೀನು ಹಾಡು ಎತ್ತುತಿದ್ದೆಯಲ್ಲ, ಹಂಗೆ. ಆಗ ನಿಂಗೂ ಬಾಯಿತ್ತು."

ತೆಂಬಕಾಜಿ ಎಣ್ಣೆಯ ಕಡೆ ತಿರುಗಿದಳು.

ಒಳಗೆ ಶುರುವಾಯಿತು. ಒಬ್ಬ ನಾಲ್ಕು ಸ್ವರ ಎಸೆದ, ಇನ್ನೊಬ್ಬಳು ಬೀಳುವ ಮೊದಲೇ ಹಿಡಿದಳು. ಎಲ್ಲಿಗೆ ಹೊರಟಿದ್ದಾರೆಂದು ಅವರಿಗೇ ಗೊತ್ತಿಲ್ಲ, ಆದರೂ ಒಟ್ಟಿಗೇ ಹೋಗಿ ಮುಟ್ಟುತ್ತಿದ್ದಾರೆ! ತೆಂಬಕಾಜಿಯ ಕೈಯಲ್ಲಿ ಜಾಲರಿ ಸೌಟು ಹಾಗೇ ನಿಂತಿತು.

"ಸೀದುಹೋಗ್ತಿದೆ!" ಪುಮ್ಲಾ ಕೂಗಿದಳು.

ತೆಂಬಕಾಜಿ ಆಗಲೇ ಬಾಗಿಲಲ್ಲಿದ್ದಳು. ನಾರ್ವೆಯವನು ಕಣ್ಣು ಮುಚ್ಚಿ ಒಂದೇ ಸಾಲನ್ನು ಸುತ್ತುತ್ತಿದ್ದ. ಹಣೆಯಲ್ಲಿ ಬೆವರು. ಪಾಪ, ದಡ ಸಿಗುತ್ತಿಲ್ಲ ಎಂದು ಅವಳಿಗೆ ಅನಿಸಿತು. ಅಷ್ಟೇ. ತಾನೆಲ್ಲಿದ್ದೇನೆ ಎನ್ನುವುದೇ ಮರೆತು ಹಾಡು ಎತ್ತಿಬಿಟ್ಟಳು.

ಬಂದದ್ದು ಹಳೆಯ ದನಿಯಲ್ಲ. ಹೊಟ್ಟೆಯಾಳದಿಂದ, ಗಂಡಸಿನದಂಥ ದಪ್ಪ ದನಿ. ಇಡೀ ಸಭೆ ತಿರುಗಿತು. ಅವಳು ಹಿಟ್ಟಿನ ಕೈಯನ್ನೇ ಬಾಯಿಗೆ ಒತ್ತಿಕೊಂಡಳು. "ಅಯ್ಯೋ, ಕೆಡಿಸಿಬಿಟ್ಟೆ."

ಜಪಾನಿನವಳ ಬೆರಳು ದಪ್ಪ ತಂತಿಯ ಮೇಲೆ ಏನನ್ನೋ ಹುಡುಕಿತು. ಸಿಕ್ಕಿತು. ತೆಂಬಕಾಜಿ ಬಿಟ್ಟ ಸ್ವರವೇ ಅದು! ಅದನ್ನು ಹಿಡಿದೇ ಇಟ್ಟಳು.

"ನಿಲ್ಲಿಸ್ಬೇಡ ದೊಡ್ಡಮ್ಮ!" ಸಿಂಡಿಲೆ ಕೂಗಿದ. "ಅಲ್ಲೇ ಇರು. ನಾವೇ ನಿನ್ ಸ್ವರಕ್ಕೆ ಕೆಳಗೆ ಬರ್ತೀವಿ."

ಬಂದರು. ಪಿಯಾನೊ ಇಳಿಯಿತು, ಡ್ರಮ್ಮು ಮೆತ್ತಗಾಯಿತು. ಟ್ರಂಪೆಟ್ಟು ಉಸಿರಿನಷ್ಟೇ ಸಣ್ಣಗೆ ಅವಳ ಪಕ್ಕ ಬಂದು ಕೂತಂತಾಯಿತು. ಅವಳು ಹೆಗಲ ಮೇಲಿನ ಬಟ್ಟೆ ಮಡಚಿ, ಅದನ್ನೇ ದಿಂಬು ಮಾಡಿಕೊಂಡು ತಾಳ ಬಡಿದಳು. ಸಭೆ ಎದ್ದು ನಿಂತು ದನಿ ಸೇರಿಸಿತು. ಹುಟ್ಟಿದಾಗಿನಿಂದ ಹಾಡಿದ ಹಾಡನ್ನು ಅವಳು ಈಗ ಮೊದಲ ಸಲ ಕೇಳುತ್ತಿರುವಂತಿತ್ತು.

ಮುಗಿದ ಮೇಲೆ ನಾರ್ವೆಯವನು ಬಂದು, ಎದೆಗೆ ಕೈಯಿಟ್ಟುಕೊಂಡು ಏನೋ ಹೇಳಿದ.

"ಏನಂತೆ?" ಪುಮ್ಲಾ ಕೇಳಿದಳು.

"ಯಾರಿಗ್ಗೊತ್ತು. ಸುಸ್ತಾಗಿದಾನೆ. ಸೀಯದೇ ಇರೋದೊಂದು ಕೊಡು."

ಭಾನುವಾರ ತೆಂಬಕಾಜಿ ತೊಗಲಿನ ದಿಂಬು ಚರ್ಚಿಗೆ ತಂದಳು. ಅಷ್ಟು ಕೆಳಗಿನಿಂದ ಹಾಡು ಎದ್ದಾಗ ಗಂಡಸರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಜಾಗ ಹುಡುಕಿಕೊಂಡರು.